ಒಂದು ವೀಕೆಂಡ್, ಮೂರು ರಾಜಧಾನಿ: ಪ್ರಾಗ್ ಬಿಡಿ, ನದಿ ದಂಡೆಯ ರೈಲು ಹಿಡಿಯಿರಿ

ಅಪ್ಪ ಅಮ್ಮ ಹಾಸನದಿಂದ ವಿಯೆನ್ನಾಗೆ ಬರುತ್ತಿದ್ದಾರೆ, ಶನಿವಾರ ಭಾನುವಾರ ಎರಡೇ ದಿನ ಕೈಯಲ್ಲಿದೆ, ರೈಲಿನಲ್ಲಿ ಬ್ರಾಟಿಸ್ಲಾವಾ, ಬುಡಾಪೆಸ್ಟ್, ಪ್ರಾಗ್ ಮೂರೂ ತೋರಿಸಬಹುದಾ, ಇಂಟರ್‌ರೇಲ್ ಪಾಸ್ ತಗೋಬೇಕಾ ಅಂತ ಕೇಳಿದ್ದೀರಿ. ಅಮ್ಮನಿಗೆ ಮಂಡಿ ನೋವು, ಇಬ್ಬರೂ ಸಸ್ಯಾಹಾರಿಗಳು ಅಂತಲೂ ಬರೆದಿದ್ದೀರಿ.

ಮೊದಲು ಪ್ರಾಗ್ ಬಿಡಿ. ವಿಯೆನ್ನಾದಿಂದ ಅಲ್ಲಿಗೆ ಒಂದು ಕಡೆಗೇ ನಾಲ್ಕು ಗಂಟೆ, ಹೋಗಿ ಬರುವಷ್ಟರಲ್ಲಿ ಒಂದು ಹಗಲು ಮುಗಿಯುತ್ತದೆ. ವಯಸ್ಸಾದವರನ್ನು ಹಾಗೆ ಓಡಿಸಬೇಡಿ. ಅದಕ್ಕೆ ಬೇರೆ ವಾರ ಇಟ್ಟುಕೊಳ್ಳಿ. ಉಳಿದ ಎರಡು ಊರು ಆರಾಮಾಗಿ ಆಗುತ್ತವೆ, ಆದರೆ ಹೋದ ದಾರಿಯಲ್ಲೇ ವಾಪಸ್ ಬರಬೇಡಿ, ತ್ರಿಕೋನದ ಹಾಗೆ ಸುತ್ತಿ ಬನ್ನಿ.

ಶನಿವಾರ ಬೆಳಿಗ್ಗೆ ವಿಯೆನ್ನಾದಿಂದ ಬ್ರಾಟಿಸ್ಲಾವಾ. ಸುಮಾರು ಒಂದು ಗಂಟೆ ಅಷ್ಟೇ, ಬೆಂಗಳೂರಿಂದ ತುಮಕೂರಿಗೆ ಹೋದಷ್ಟು. ಇಲ್ಲಿ ಒಂದು ವಿಷಯ ಗಮನಿಸಿ, ವಿಯೆನ್ನಾದಿಂದ ಎರಡು ದಾರಿ ಇವೆ. ಒಂದು ಮಾರ್ಶೆಗ್ ಮೇಲೆ ಹೋಗಿ ಊರಿನ ಮುಖ್ಯ ನಿಲ್ದಾಣ ಹ್ಲಾವ್ನಾ ಸ್ತಾನಿತ್ಸಾಗೆ ಸೇರುತ್ತದೆ, ಇನ್ನೊಂದು ಕಿಟ್ಸೆ ಮೇಲೆ ಹೋಗಿ ನದಿಯ ಈಚೆ ದಡದ ಪೆತ್ರ್‌ಝಲ್ಕಾದಲ್ಲಿ ನಿಲ್ಲುತ್ತದೆ. ನಿಮಗೆ ಬೇಕಾಗಿರುವುದು ಮೊದಲನೆಯದು. ಬುಡಾಪೆಸ್ಟ್ ರೈಲು ಹೊರಡುವುದು ಆ ಮುಖ್ಯ ನಿಲ್ದಾಣದಿಂದಲೇ.

ಹಳೇ ಊರು ಚಿಕ್ಕದು, ಸಮತಟ್ಟು, ಕಾರುಗಳ ಕಾಟ ಇಲ್ಲ. ನಿಧಾನವಾಗಿ ನಡೆದರೂ ಎರಡು ಮೂರು ಗಂಟೆ ಸಾಕು. ಸೇಂಟ್ ಮಾರ್ಟಿನ್ ಚರ್ಚ್ ತೋರಿಸಿ, 1563ರಿಂದ 1830ರವರೆಗೆ ಹಂಗೇರಿಯ ರಾಜರಿಗೆ ಪಟ್ಟ ಕಟ್ಟಿದ್ದು ಅಲ್ಲೇ. ಮಾರನೇ ದಿನ ಬುಡಾಪೆಸ್ಟ್ ನೋಡುವಾಗ ಈ ನಂಟು ನೆನಪಿದ್ದರೆ ಅಪ್ಪನಿಗೆ ಖುಷಿಯಾಗುತ್ತದೆ. ಕೋಟೆ ಗುಡ್ಡದ ಮೇಲಿದೆ, ಅಮ್ಮನನ್ನು ನಡೆಸಬೇಡಿ, ಬೋಲ್ಟ್ ಆ್ಯಪ್‌ನಲ್ಲಿ ಟ್ಯಾಕ್ಸಿ ಮಾಡಿ.

ಈಗ ಮುಖ್ಯ ವಿಷಯ. ಬ್ರಾಟಿಸ್ಲಾವಾದಿಂದ ಬುಡಾಪೆಸ್ಟ್‌ಗೆ ಹಗಲಿನಲ್ಲಿ ಸುಮಾರು ಎರಡು ಗಂಟೆಗೊಂದು ರೈಲು ಇದೆ, ಪ್ರಯಾಣ ಎರಡೂವರೆ ಗಂಟೆಯ ಹತ್ತಿರ. ಈ ರೈಲು ಬೆಳಕಿರುವಾಗಲೇ ಹಿಡಿಯಿರಿ ಮತ್ತು ರೈಲು ಹೋಗುವ ದಿಕ್ಕಿನಲ್ಲಿ ಬಲಗಡೆ ಕಿಟಕಿ ಸೀಟು ತಗೊಳ್ಳಿ. ಮೊದಲ ಒಂದು ಗಂಟೆ ಬರೀ ಬಯಲು, ಹೊಲ, ಅಪ್ಪ ಅಮ್ಮ ಬೇಕಾದರೆ ಸ್ವಲ್ಪ ಕಣ್ಣು ಮುಚ್ಚಲಿ. ಸ್ಲೊವಾಕಿಯಾದ ಗಡಿ ಊರು ಷ್ಟೂರೊವೊ ಹತ್ತಿರ ಬಂದಾಗ ಎಬ್ಬಿಸಿ. ನದಿಯ ಆಚೆ ದಡದಲ್ಲಿ ಎಸ್ತರ್ಗೋಮ್‌ನ ದೊಡ್ಡ ಗುಮ್ಮಟದ ಚರ್ಚ್ ಕಾಣುತ್ತದೆ, ಹಂಗೇರಿಯಲ್ಲೇ ಅತಿ ದೊಡ್ಡ ಚರ್ಚ್ ಅದು. ಅಲ್ಲಿಂದ ಮುಂದೆ ಹಳಿ ಡ್ಯಾನ್ಯೂಬ್ ದಂಡೆಗೆ ಅಂಟಿಕೊಂಡೇ ಹೋಗುತ್ತದೆ. ಪೂರ್ವಕ್ಕೆ ಹರಿಯುತ್ತಿದ್ದ ನದಿ ಗುಡ್ಡಗಳ ನಡುವೆ ದಕ್ಷಿಣಕ್ಕೆ ತಿರುಗುವುದು ಇಲ್ಲೇ, ಆಚೆ ದಡದ ಗುಡ್ಡದ ಮೇಲೆ ವಿಶೆಗ್ರಾದ್ ಕೋಟೆ. ಇಡೀ ಪ್ರವಾಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ವಿಯೆನ್ನಾದಿಂದ ನೇರ ಬುಡಾಪೆಸ್ಟ್‌ಗೆ ಹೋಗುವ ರೈಲು ಬೇರೆ ದಾರಿ, ಗ್ಯೋರ್ ಅನ್ನುವ ಊರಿನ ಮೇಲೆ ಹೋಗುತ್ತದೆ, ಅದರಲ್ಲಿ ಇದ್ಯಾವುದೂ ಸಿಗಲ್ಲ. ಅದಕ್ಕೇ ತ್ರಿಕೋನ ಅಂದಿದ್ದು.

ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು, ಆಗ ಮಧ್ಯಾಹ್ನ ಹನ್ನೆರಡರ ಆಸುಪಾಸಿನ ರೈಲೇ ಸರಿ. ಇನ್ನೊಂದು ಮಾತು, ಈ ರೈಲುಗಳು ಪ್ರಾಗ್ ಕಡೆಯಿಂದ, ಕೆಲವು ಜರ್ಮನಿಯಿಂದಲೇ ಬರುತ್ತವೆ, ಹಾಗಾಗಿ ತಡ ಆಗುವುದು ಸಾಮಾನ್ಯ. ಒಂದೇ ಟಿಕೆಟ್ಟಿನ ಪ್ರಯಾಣ ಒಂದು ಗಂಟೆ ಅಥವಾ ಜಾಸ್ತಿ ತಡವಾದರೆ ದುಡ್ಡಿನ ಕಾಲು ಭಾಗ, ಎರಡು ಗಂಟೆ ದಾಟಿದರೆ ಅರ್ಧ ವಾಪಸ್ ಕೇಳಬಹುದು, ಇದು ಯುರೋಪಿಯನ್ ಒಕ್ಕೂಟದ ನಿಯಮ. ಟಿಕೆಟ್ ಎಸೆಯಬೇಡಿ.

ಈ ರೈಲು ಇಳಿಸುವುದು ನ್ಯುಗತಿ ನಿಲ್ದಾಣದಲ್ಲಿ. 1877ರ ಕಟ್ಟಡ, ಕಟ್ಟಿದ್ದು ಐಫೆಲ್ ಅವರ ಕಂಪನಿ, ತಲೆ ಎತ್ತಿ ಛಾವಣಿ ನೋಡಿ. ಆದರೆ ಭಾನುವಾರ ವಾಪಸ್ ಹೋಗುವ ರೈಲು ಸಾಮಾನ್ಯವಾಗಿ ಕೆಲೆತಿ ನಿಲ್ದಾಣದಿಂದ. ಎರಡೂ ಬೇರೆ ಬೇರೆ ಕಡೆ ಇವೆ, ಟಿಕೆಟ್ ಮೇಲಿನ ಹೆಸರು ನೋಡಿಕೊಂಡು ಹೊರಡಿ.

ಬುಡಾಪೆಸ್ಟ್‌ನಲ್ಲಿ ಮಂಡಿ ನೋವಿನವರಿಗೆ ಟ್ರಾಮ್ ದೇವರು ಕೊಟ್ಟ ವರ. ಎರಡನೇ ನಂಬರ್ ಟ್ರಾಮ್ ನದಿ ಪಕ್ಕದಲ್ಲೇ ಪಾರ್ಲಿಮೆಂಟ್ ತನಕ ಹೋಗುತ್ತದೆ, ಶನಿವಾರ ರಾತ್ರಿ ದೀಪ ಹಾಕಿದ ಮೇಲೆ ಅದರಲ್ಲಿ ಸುಮ್ನೆ ಕೂತು ಹೋಗಿ ಬನ್ನಿ, ಬೋಟ್ ಟಿಕೆಟ್ ಬೇಕಾಗಿಲ್ಲ. ಕೋಟೆ ಗುಡ್ಡಕ್ಕೆ ಹದಿನಾರನೇ ನಂಬರ್ ಬಸ್ ಮೇಲಿನವರೆಗೆ ಹೋಗುತ್ತದೆ. ಮೆಟ್ರೋದಲ್ಲಿ ಹಳದಿ ಬಣ್ಣದ ಒಂದನೇ ಲೈನ್ 1896ರದ್ದು, ರಸ್ತೆಯ ಕೆಳಗೇ ಇದೆ, ಮೆಟ್ಟಿಲು ಕಮ್ಮಿ. ಎರಡನೇ ಲೈನ್ ತುಂಬಾ ಆಳ, ಎಸ್ಕಲೇಟರ್ ವೇಗವೂ ಜಾಸ್ತಿ, ಅಮ್ಮನ ಕೈ ಹಿಡಿದುಕೊಳ್ಳಿ. ಕಾಗದದ ಟಿಕೆಟ್ ತಗೊಂಡರೆ ಮೆಷಿನ್ನಿಗೆ ಹಾಕಿ ಮುದ್ರೆ ಒತ್ತಿಸಲೇಬೇಕು, ಇಲ್ಲದಿದ್ದರೆ ದಂಡ. ಹಿರಿಯರಿಗೆ ಪುಕ್ಕಟೆ ಅಂತ ಅಲ್ಲಲ್ಲಿ ಓದಿರಬಹುದು, ಅದು ಯುರೋಪಿಯನ್ ಒಕ್ಕೂಟದ ನಾಗರಿಕರಿಗೆ. ನಮ್ಮವರಿಗೆ ಟಿಕೆಟ್ ಬೇಕು.

ದುಡ್ಡು: ಸ್ಲೊವಾಕಿಯಾದಲ್ಲಿ ಯೂರೋ, ಹಂಗೇರಿಯಲ್ಲಿ ಫೋರಿಂಟ್. ಕಾರ್ಡ್ ಬಹುತೇಕ ಎಲ್ಲ ಕಡೆ ನಡೆಯುತ್ತದೆ. ಮೆಷಿನ್ 'ಯೂರೋದಲ್ಲಿ ಕೊಡ್ತೀರಾ' ಅಂತ ಕೇಳಿದರೆ ಬೇಡ ಅನ್ನಿ, ಫೋರಿಂಟ್‌ನಲ್ಲೇ ಕೊಡಿ. ನಿಲ್ದಾಣದಲ್ಲಿ ಹಣ ಬದಲಾಯಿಸಲು ಹೋಗಬೇಡಿ.

ಊಟದ ವಿಷಯದಲ್ಲಿ ಎಚ್ಚರ ಇರಲಿ. ಸ್ಲೊವಾಕಿಯಾದ ಹಲುಷ್ಕಿ ಆಲೂಗಡ್ಡೆ ಹಿಟ್ಟಿನ ಉಂಡೆ ಮತ್ತು ಕುರಿ ಹಾಲಿನ ಚೀಸ್, ಆದರೆ ಮೇಲೆ ಹಂದಿ ಕೊಬ್ಬಿನ ಚೂರು ಉದುರಿಸುತ್ತಾರೆ. 'ಬೆಜ್ ಸ್ಲಾನಿನಿ', ಅಂದರೆ ಆ ಚೂರು ಬೇಡ, ಅಂತ ಮೊದಲೇ ಹೇಳಿ. ಹಂಗೇರಿಯ ಲಾಂಗೋಶ್, ಅಂದರೆ ಎಣ್ಣೆಯಲ್ಲಿ ಕರಿದ ದೊಡ್ಡ ರೊಟ್ಟಿ, ನಮ್ಮವರಿಗೆ ಖಂಡಿತ ಇಷ್ಟವಾಗುತ್ತದೆ, ಯಾವ ಎಣ್ಣೆಯಲ್ಲಿ ಕರಿದಿದ್ದಾರೆ ಅಂತ ಕೇಳಿ ತಗೊಳ್ಳಿ. ಕಟ್ಟುನಿಟ್ಟಿನವರಾದರೆ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದೇ ನೆಮ್ಮದಿ. ರೈಲಿನಲ್ಲಿ ತಿನ್ನಲು ಯಾರೂ ಬೇಡ ಅನ್ನಲ್ಲ.

ಪಾಸ್ ಬೇಡ. ಇಂಟರ್‌ರೇಲ್ ಇರುವುದು ಯುರೋಪಿನಲ್ಲಿ ವಾಸ ಇರುವವರಿಗೆ, ಅಪ್ಪ ಅಮ್ಮನಿಗೆ ಯುರೇಲ್ ಆಗಬೇಕು, ಈ ಸಣ್ಣ ದಾರಿಗೆ ಎರಡೂ ದಂಡ. ಬುಡಾಪೆಸ್ಟ್‌ನಿಂದ ವಿಯೆನ್ನಾಗೆ ವಾಪಸ್ ಬರಲು ಆಸ್ಟ್ರಿಯಾ ರೈಲ್ವೆಯ ಆ್ಯಪ್‌ನಲ್ಲಿ ಸ್ಪಾರ್‌ಷೀನೆ ಅನ್ನುವ ಅಗ್ಗದ ಟಿಕೆಟ್ ಮುಂಚೆಯೇ ತಗೊಳ್ಳಿ. ಅದು ಬುಕ್ ಮಾಡಿದ ರೈಲಿಗೆ ಮಾತ್ರ ಸಲ್ಲುತ್ತದೆ. ಸೀಟು ಬೇರೆ ರಿಸರ್ವ್ ಮಾಡಬೇಕು, ಟಿಕೆಟ್ ಇದ್ದ ಮಾತ್ರಕ್ಕೆ ಸೀಟು ಇರಲ್ಲ. ಭಾನುವಾರ ಸಂಜೆ ವಿಯೆನ್ನಾಗೆ ಬರುವ ರೈಲ್‌ಜೆಟ್ ಅನ್ನುವ ವೇಗದ ರೈಲು ತುಂಬಿ ತುಳುಕುತ್ತದೆ, ಎರಡು ಮುಕ್ಕಾಲು ಗಂಟೆ ಅಮ್ಮನನ್ನು ನಿಲ್ಲಿಸಬೇಡಿ. ಕೊನೆಯ ರೈಲಿಗೂ ಕಾಯಬೇಡಿ, ಅದಕ್ಕಿಂತ ಒಂದೆರಡು ಮೊದಲಿನದು ಹಿಡಿಯಿರಿ.

ಮೂರೂ ದೇಶ ಒಂದೇ ವೀಸಾ ನಡೆಯುವ ಶೆಂಗೆನ್ ವಲಯದ ಒಳಗೇ ಇವೆ, ವೀಸಾ ಒಂದೇ ಸಾಕು. ಆದರೂ ರೈಲಿನಲ್ಲಿ ಪೊಲೀಸರು ಬಂದು ಕೇಳುವುದುಂಟು, ಮೂಲ ಪಾಸ್‌ಪೋರ್ಟ್ ಜೊತೆಗಿರಲಿ, ಫೋನಿನಲ್ಲಿ ಫೋಟೋ ಸಾಲದು. ನಿಮ್ಮ ರೆಸಿಡೆನ್ಸ್ ಕಾರ್ಡ್ ಕೂಡ ತಗೊಳ್ಳಿ.

ಭಾನುವಾರ ವಿಯೆನ್ನಾದಲ್ಲಿ ಅಂಗಡಿ ಮುಚ್ಚಿರುತ್ತವೆ ಅಲ್ವಾ, ಸೋಮವಾರದ ಹಾಲು ಮೊಸರು ಶನಿವಾರ ಹೊರಡುವ ಮುಂಚೆಯೇ ತಂದಿಟ್ಟುಬಿಡಿ. ಯಾವ ತಿಂಗಳು ಹೋಗುತ್ತೀರಿ ಅಂತ ಇಲ್ಲೇ ಬರೆಯಿರಿ, ಬೆಳಕು ನೋಡಿಕೊಂಡು ಬ್ರಾಟಿಸ್ಲಾವಾದಿಂದ ಯಾವ ರೈಲು ಹಿಡಿಯಬೇಕು ಅಂತ ನೋಡಿ ಹೇಳುತ್ತೇನೆ.