‘ನೀವೇ ನಿರ್ಧರಿಸಿ’ ಎಂದ ಸರ್ಜನ್

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಹೆಲ್ತ್ ಚೆಕಪ್‌ನಲ್ಲಿ ಪಿತ್ತಕೋಶದ ಕಲ್ಲು ಕಂಡಿತು, ನೋವೇನೂ ಇಲ್ಲ. ಸರ್ಜನ್ ‘ತೆಗೆಸಬಹುದು, ಕಾಯಲೂಬಹುದು, ನೀವೇ ನಿರ್ಧರಿಸಿ’ ಎಂದು ಒಪ್ಪಿಗೆ ಪತ್ರ ಮುಂದಿಟ್ಟರು. ಗಾಂಧಿ ಬಜಾರಿನ ನಮ್ಮ ಹಳೆಯ ಫ್ಯಾಮಿಲಿ ಡಾಕ್ಟರು ಎಂದೂ ಹೀಗೆ ಕೇಳಿದವರಲ್ಲ. ಈಗಿನವರು ಹೊಣೆ ಜಾರಿಸಿಕೊಳ್ಳುತ್ತಿದ್ದಾರೆಯೇ?
– ಓದುಗರು, ಬಸವನಗುಡಿ

ಉತ್ತರ: ಮೊದಲು ಕಲ್ಲಿನ ವಿಷಯ. ನೋವು ಕೊಡದೆ ಸುಮ್ಮನೆ ಕುಳಿತ ಕಲ್ಲಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಿಲ್ಲ. ಅದು 3 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ಪಿತ್ತಕೋಶದ ಗೋಡೆಯಲ್ಲಿ ಸುಣ್ಣ ಕಟ್ಟಿದ್ದರೆ ಮಾತು ಬೇರೆ. ಸ್ಕ್ಯಾನಿಂಗ್ ವರದಿ ನೋಡಿ ಇಷ್ಟು ಹೇಳಲು ಎರಡು ನಿಮಿಷ ಸಾಕಿತ್ತು.

ನಿಮ್ಮ ಫ್ಯಾಮಿಲಿ ಡಾಕ್ಟರ ಕಾಲದಲ್ಲಿ ನಾನೂ ಕ್ಲಿನಿಕ್ ಇಟ್ಟುಕೊಂಡಿದ್ದವನೇ. ನಾವು ಕೇಳುತ್ತಿರಲಿಲ್ಲ, ಹೇಳುತ್ತಿದ್ದೆವು. ರೋಗಿಯ ಸಂಬಳ, ಮಗಳ ಮದುವೆ ಯಾವ ತಿಂಗಳು ಎಂಬುದೆಲ್ಲ ಗೊತ್ತಿದ್ದೇ ಹೇಳುತ್ತಿದ್ದೆವು, ನಿಜ. ಆದರೆ ಒಮ್ಮೆ ಕ್ಯಾನ್ಸರ್ ಆಗಿದ್ದ ತಾಯಿಯೊಬ್ಬರ ಕಿವಿಗೆ ‘ಕಿದ್ವಾಯಿ’ ಎಂಬ ಹೆಸರೂ ಬೀಳಬಾರದೆಂದು ಮಕ್ಕಳು ಬೇಡಿಕೊಂಡಾಗ, ‘ಏನಿಲ್ಲಮ್ಮ, ಸಣ್ಣ ಗಡ್ಡೆ’ ಎಂದುಬಿಟ್ಟೆ. ಒಡವೆಯಲ್ಲಿ ಯಾವುದು ಯಾರಿಗೆ ಎಂದು ಹೇಳಲೂ ಆಗದೆ ಆಕೆ ಹೋದರು. ಆ ಕಾಲ ಮರಳಲಿ ಎಂದು ನಾನಂತೂ ಹಾರೈಸಲಾರೆ.

1995ರಲ್ಲಿ ಸುಪ್ರೀಂ ಕೋರ್ಟ್ ಹಣ ಪಡೆದು ಕೊಡುವ ಚಿಕಿತ್ಸೆಯನ್ನು ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ತಂದಿತು. ವೈದ್ಯರ ನಡತೆಯ ಬಗೆಗಿನ 2002ರ ನಿಯಮಗಳು ಶಸ್ತ್ರಚಿಕಿತ್ಸೆಗೆ ಮುನ್ನ ಲಿಖಿತ ಒಪ್ಪಿಗೆ ಪಡೆಯಬೇಕೆನ್ನುತ್ತವೆ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ನ್ಯಾಯಾಲಯ ಇನ್ನೂ ಬಿಡಿಸಿ ಹೇಳಿತು: ಚಿಕಿತ್ಸೆ ಏನು, ಅಪಾಯವೇನು, ಬೇರೆ ದಾರಿ ಇದೆಯೇ, ಮಾಡಿಸದಿದ್ದರೆ ಏನಾಗುತ್ತದೆ ಎಂದು ತಿಳಿಸಿಯೇ ಒಪ್ಪಿಗೆ ಪಡೆಯಬೇಕು. ಅಂದರೆ ಮಾತುಕತೆ ಮುಗಿದ ಮೇಲೆ ಸಹಿ. ನಿಮಗಾದದ್ದು ತಿರುವುಮುರುವು.

ಆದ್ದರಿಂದ ಸರ್ಜನ್ ಕೇಳಿದ್ದು ತಪ್ಪಲ್ಲ, ತಮ್ಮ ಅಭಿಪ್ರಾಯ ನುಂಗಿಕೊಂಡದ್ದು ತಪ್ಪು. ದರ್ಶಿನಿಯ ಗೋಡೆಯ ಮೇಲಿನ ತಿಂಡಿ ಪಟ್ಟಿ ತೋರಿಸಿದಂತೆ ಆಯ್ಕೆಗಳನ್ನು ತೋರಿಸಿ ಸುಮ್ಮನಾಗಲು ಅಷ್ಟು ವರ್ಷ ಓದಬೇಕಿರಲಿಲ್ಲ. ಭಯವೂ ಇದ್ದೀತು, ವೈದ್ಯರ ಮೇಲಿನ ಹಲ್ಲೆ ತಡೆಯಲು ನಮ್ಮ ರಾಜ್ಯ 2009ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಆದರೂ ಸಲಹೆ ಕೊಡದಿರಲು ಅದು ನೆಪವಾಗದು.

ಇನ್ನೊಮ್ಮೆ ಹೋಗಿ, ‘ನಿಮ್ಮ ಸಲಹೆ ಯಾವುದು, ಏಕೆ?’ ಎಂದು ನೇರವಾಗಿ ಕೇಳಿ. ಉತ್ತರ ಸಿಗದಿದ್ದರೆ ದಾಖಲೆಗಳನ್ನು ಕೇಳಿ ಪಡೆದು ಬೇರೆಯವರಿಗೆ ತೋರಿಸಿ. 72 ಗಂಟೆಯೊಳಗೆ ಕೊಡಬೇಕೆಂಬುದು ಅದೇ 2002ರ ನಿಯಮ.

ಒಂದು ಮಾತು. ಇಷ್ಟೆಲ್ಲ ಬರೆದ ನಿಮ್ಮ ಪತ್ರದಲ್ಲಿ ನಿಮ್ಮ ತಂದೆ ಏನೆಂದರು ಎಂಬುದೇ ಇಲ್ಲ. ಕತ್ತರಿ ಬೀಳುವುದು ಅವರ ಹೊಟ್ಟೆಗೆ. ಅವರನ್ನು ಜೊತೆಗೆ ಕೂರಿಸಿಕೊಂಡೇ ಕೇಳಿ. ಈ ನಡುವೆ ಬಲಪಕ್ಕೆಯ ಕೆಳಗೆ ಗಂಟೆಗಟ್ಟಲೆ ನೋವು, ಚಳಿಜ್ವರ ಅಥವಾ ಕಣ್ಣು ಹಳದಿಯಾಗುವುದು ಕಂಡರೆ ಯಾರ ಸಲಹೆಗೂ ಕಾಯದೆ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.