ಹಳೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿಸಿದರೆ ಸಾಕಾ, ಹೊಸದೇ ತಗೋಬೇಕಾ?

ನಿಮ್ಮದು 2014ರ ಲ್ಯಾಪ್‌ಟಾಪ್, ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಆನ್ ಆಗೋಕೇ ಐದಾರು ನಿಮಿಷ ಬೇಕು, ಅಂಗಡಿಯವರು ಹೊಸದು ತಗೊಳ್ಳಿ ಅಂತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಈಗಲೇ ತಗೋಬೇಡಿ. ಹಾರ್ಡ್ ಡಿಸ್ಕ್ ತೆಗೆದು ಅದರ ಜಾಗಕ್ಕೆ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗಗಳಿಲ್ಲದ ಚಿಪ್‌ಗಳ ಡ್ರೈವ್, ಹಾಕಿಸಿದರೆ ಸಾಕಾಗಬಹುದು. ಹೆಚ್ಚುಕಮ್ಮಿ ಇದೇ ಜಾತಕದ ಲ್ಯಾಪ್‌ಟಾಪ್ ನನ್ನ ಹತ್ತಿರವೂ ಇದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಇವತ್ತಿಗೂ ಅಡಿಕೆ ಲೆಕ್ಕ, ಕೂಲಿ ಲೆಕ್ಕ ಎಲ್ಲ ಅದರಲ್ಲೇ. ನನಗೂ ಒಂದು ಅಂಗಡಿಯಲ್ಲಿ "ಬೋರ್ಡೇ ಹೋಗಿದೆ ಸಾರ್" ಅಂದಿದ್ದರು. ಬೋರ್ಡಿಗೆ ಏನೂ ಆಗಿರಲಿಲ್ಲ.

ಮೊದಲು ಒಂದು ಕೆಲಸ ಮಾಡಿ. ಲ್ಯಾಪ್‌ಟಾಪ್ ತೆವಳುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಡಿಸ್ಕ್ 100% ಅಂತ ಕೂತುಬಿಟ್ಟು, ಸಿಪಿಯು (ಪ್ರೊಸೆಸರ್) ಹತ್ತು ಹದಿನೈದರಲ್ಲಿ ಆಡುತ್ತಿದ್ದರೆ ತಪ್ಪು ಡಿಸ್ಕಿನದ್ದೇ. ಸಿಪಿಯುನೇ ನೂರು ಮುಟ್ಟಿ ನಿಂತಿದ್ದರೆ ಎಸ್‌ಎಸ್‌ಡಿಗೆ ದುಡ್ಡು ಹಾಕಬೇಡಿ, ಅದು ಬೇರೆ ಕಾಯಿಲೆ.

ಯಾಕೆ ಹೀಗಾಗುತ್ತೆ ಅಂದ್ರೆ, ಹಳೇ ಲ್ಯಾಪ್‌ಟಾಪ್ ಡಿಸ್ಕುಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತಿನವು. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಒಳಗಿನ ಮುಳ್ಳು ಜಾಗಕ್ಕೆ ಸರಿಯಬೇಕು, ಆಮೇಲೆ ಬೇಕಾದ ತುಣುಕು ತಿರುಗಿಕೊಂಡು ಅದರ ಕೆಳಗೆ ಬರೋವರೆಗೂ ಕಾಯಬೇಕು. ಹೀಗೆ ಅಲ್ಲೊಂದು ಇಲ್ಲೊಂದು ಇರುವ ಸಣ್ಣ ತುಣುಕುಗಳನ್ನು ಹುಡುಕಿ ಓದುತ್ತಾ ಹೋದರೆ ಸೆಕೆಂಡಿಗೆ ನೂರು ಸಲವೂ ಆಗೋದಿಲ್ಲ. ವಿಂಡೋಸ್ ಏಳುವಾಗ ಕೇಳೋದು ಸಾವಿರಗಟ್ಟಲೆ ಸಣ್ಣ ತುಣುಕುಗಳನ್ನ. ನಮ್ಮ ಕಡೆ ಅಡಿಕೆ ಕೊನೆ ತೆಗೆಯುವವರನ್ನು ನೋಡಿದ್ದೀರಲ್ವಾ, ಮರ ಬಗ್ಗಿಸಿ ಮೇಲಿಂದ ಮೇಲೇ ಪಕ್ಕದ ಮರಕ್ಕೆ ದಾಟಿಕೊಳ್ಳುತ್ತಾರೆ. ಅವರಿಗೆ ಪ್ರತಿ ಕೊನೆಗೂ ಕೆಳಗಿಳಿದು, ತೋಟದ ಆ ತುದಿಗೆ ನಡೆದು, ಮತ್ತೆ ಹತ್ತು ಅಂದರೆ ಏನಾಗುತ್ತೆ? ಹಾರ್ಡ್ ಡಿಸ್ಕಿನ ಪಾಡು ಅದೇ. ಎಸ್‌ಎಸ್‌ಡಿಯಲ್ಲಿ ತಿರುಗೋದೇ ಏನೂ ಇಲ್ಲ, ಕೇಳಿದ್ದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಸಿಗುತ್ತದೆ. ಡಬ್ಬಿಯ ಮೇಲೆ ಸೆಕೆಂಡಿಗೆ 550 ಎಂಬಿ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ದೊಡ್ಡ ಫೈಲ್ ಓದುವಾಗಿನ ಲೆಕ್ಕ, ನಿಮಗೆ ಅದಕ್ಕಿಂತ ಈ ಕಾಯೋದು ತಪ್ಪೋದೇ ಮುಖ್ಯ.

ಕೊಳ್ಳುವಾಗ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಅಂತಲೇ ಕೇಳಿ. ಸಾಟಾ ಅಂದರೆ ನಿಮ್ಮ ಹಳೇ ಡಿಸ್ಕ್ ಕೂತಿರುವ ಥರದ್ದೇ ಕನೆಕ್ಟರ್. ಚೂಯಿಂಗ್ ಗಮ್ ಪಟ್ಟಿ ಥರ ಇರೋ ಎನ್‌ವಿಎಂಇ ಕೊಟ್ಟರೆ ನಿಮ್ಮದರಲ್ಲಿ ಅದನ್ನು ಹಾಕೋಕೆ ಜಾಗವೇ ಇರಲಿಕ್ಕಿಲ್ಲ. ಜೊತೆಗೆ, ಹಳೇ ಡಿಸ್ಕಿನಲ್ಲಿರೋದನ್ನೆಲ್ಲ ಹೊಸದಕ್ಕೆ ಹಾಗೇ ನಕಲು (ಕ್ಲೋನ್) ಮಾಡೋಕೆ, ಸಾಟಾದಿಂದ ಯುಎಸ್‌ಬಿಗೆ ಹೋಗುವ ಒಂದು ಕೇಬಲ್ ಬೇಕು. ಹೊಸ ಡ್ರೈವ್ ಹಳೆಯದಕ್ಕಿಂತ ಚಿಕ್ಕದಾದರೆ, ಈ ನಕಲು ಮಾಡುವ ಉಚಿತ ತಂತ್ರಾಂಶ ಕ್ಲೋನ್‌ಜಿಲ್ಲಾ ತಕರಾರು ತೆಗೆಯುತ್ತದೆ. ನಾನು ಅದಕ್ಕೇ 500 ಜಿಬಿಯದ್ದೇ ತಂದೆ.

ಈಗ ನನ್ನ ಪೆದ್ದುತನ. ಜುಲೈ ತಿಂಗಳು, ಮಳೆ ಹಿಡಿದು ಮೂರು ದಿನ, ಮನೇಲಿ ಕೂತು ಬೇರೇನು ಕೆಲಸ ಅಂತ ಕ್ಲೋನ್ ಮಾಡೋಕೆ ಹಾಕಿದೆ. ಬ್ಯಾಟರಿ ಸತ್ತು ವರ್ಷವಾಗಿತ್ತು, ಲ್ಯಾಪ್‌ಟಾಪ್ ಓಡೋದು ಬರೀ ಚಾರ್ಜರ್ ಮೇಲೆ. ಎಪ್ಪತ್ತು ಪರ್ಸೆಂಟ್ ದಾಟಿತ್ತು, ಎಲ್ಲೋ ಲೈನಿನ ಮೇಲೆ ಮರ ಬಿತ್ತು ಅಂತ ಕಾಣುತ್ತೆ, ಕರೆಂಟ್ ಹೋಯ್ತು. ಎದೆ ಧಸಕ್ ಅಂತು. ಪುಣ್ಯಕ್ಕೆ ಕ್ಲೋನ್ ಮಾಡುವಾಗ ಹಳೇ ಡಿಸ್ಕನ್ನು ಓದೋದು ಮಾತ್ರ, ಬರೆಯೋದು ಹೊಸದರ ಮೇಲೆ. ಹಾಗಾಗಿ ಹಳೇದಕ್ಕೆ ಏನೂ ಆಗಲಿಲ್ಲ, ಮಾರನೇ ದಿನ ಇನ್ವರ್ಟರ್ ಲೈನಿಗೆ ಹಾಕಿ ಮೊದಲಿಂದ ಮಾಡಿದೆ. ಆದರೆ ಎರಡೂ ಡ್ರೈವ್ ಒಂದೇ ಅಳತೆಯವು ಅಲ್ವಾ, ಯಾವುದರಿಂದ ಯಾವುದಕ್ಕೆ ಅಂತ ಆರಿಸುವಾಗ ಅದಲುಬದಲಾದರೆ ಖಾಲಿ ಡ್ರೈವ್ ಬಂದು ನಿಮ್ಮ ಫೋಟೋಗಳ ಮೇಲೆ ಕೂರುತ್ತದೆ. ಕಂಪನಿ ಹೆಸರು ಎರಡು ಸಲ ಓದಿ. ಮುಖ್ಯವಾದ ಫೈಲುಗಳನ್ನು ಮೊದಲೇ ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ. ಹಳೇ ಡಿಸ್ಕ್ ಕಟ್ ಕಟ್ ಅಂತ ಸದ್ದು ಮಾಡುತ್ತಿದ್ದರಂತೂ ಇದೇ ಮೊದಲ ಕೆಲಸ.

ಬಿಚ್ಚೋದು ಕಷ್ಟವಲ್ಲ. ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಹಿಂದಿನ ಮುಚ್ಚಳ ಬಿಚ್ಚಿ. ಸ್ಕ್ರೂಗಳು ಉದ್ದ ಗಿಡ್ಡ ಇರುತ್ತವೆ, ಗಿಡ್ಡದರ ಜಾಗಕ್ಕೆ ಉದ್ದದ್ದು ಹಾಕಿ ತಿರುಗಿಸಿದರೆ ಕೀಬೋರ್ಡ್ ಕಡೆಗೆ ಉಬ್ಬಿಕೊಂಡು ಬರಬಹುದು. ನಾನು ಇಡ್ಲಿ ತಟ್ಟೆ ಇಟ್ಟುಕೊಂಡು, ಲ್ಯಾಪ್‌ಟಾಪಿನ ಯಾವ ಮೂಲೆಯದ್ದು ಯಾವ ಗುಳಿಗೆ ಅಂತ ಹಾಕುತ್ತಾ ಹೋದೆ. ಅಮ್ಮನ ಹತ್ತಿರ ಬೈಸಿಕೊಂಡೆ, ಸ್ಕ್ರೂ ಮಾತ್ರ ಒಂದೂ ಹೆಚ್ಚುಕಮ್ಮಿ ಆಗಲಿಲ್ಲ. ಮುಚ್ಚಳ ತೆಗೆದಾಗ ಫ್ಯಾನ್ ಪಕ್ಕ ಇರುವೆಗಳು ಗೂಡು ಮಾಡಿಕೊಂಡಿದ್ದವು, ಮೊಟ್ಟೆ ಸಮೇತ! ಬ್ರಶ್ಶಿನಿಂದ ಗುಡಿಸಿದೆ. ಬ್ಯಾಟರಿ ಉಬ್ಬಿರೋದು ಕಂಡರೆ ಮಾತ್ರ ಕೈ ಹಾಕಬೇಡಿ, ಗೊತ್ತಿದ್ದವರ ಹತ್ತಿರ ತೆಗೆಸಿ.

ಮೊದಲೆಲ್ಲ ಸ್ವಿಚ್ ಒತ್ತಿ ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದರೂ ನೀಲಿ ಪರದೆಯಲ್ಲಿ ಚುಕ್ಕಿ ಸುತ್ತುತ್ತಾ ಇರುತ್ತಿತ್ತು. ಈಗ ಇಪ್ಪತ್ತು ಸೆಕೆಂಡ್ ಚಿಲ್ಲರೆ.

ಎಲ್ಲದಕ್ಕೂ ಇದೇ ಮದ್ದು ಅಂದುಕೊಳ್ಳಬೇಡಿ. ವಿಡಿಯೋ ಎಡಿಟಿಂಗ್ ಮೊದಲಿನಷ್ಟೇ ನಿಧಾನ. ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ತೆಗೆದರೆ 4 ಜಿಬಿ ಸಾಲೋದಿಲ್ಲ, ಇನ್ನೊಂದು 4 ಜಿಬಿ ಹಾಕಿಸಿ. ಇನ್ನೊಂದು ವಿಷಯ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, 11 ನಿಮ್ಮ ಪ್ರೊಸೆಸರಿಗೆ ಅಧಿಕೃತವಾಗಿ ಇಲ್ಲ. ಬರೀ ಬ್ರೌಸರ್, ಟೈಪಿಂಗ್ ಅಂದರೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ, ಕನ್ನಡ ಚೆನ್ನಾಗಿ ಬರುತ್ತದೆ. ಲೆಕ್ಕ ಬರೆಯುವ ಟ್ಯಾಲಿ ಬೇಕೇ ಬೇಕು ಅಂದರೆ ವಿಂಡೋಸೇ ಇರಲಿ, ಬ್ಯಾಂಕ್ ಕೆಲಸ ಮಾತ್ರ ಅದರಲ್ಲಿ ಬೇಡ.

ಹಳೇ ಡಿಸ್ಕನ್ನು ಒಂದು ತಿಂಗಳು ಹಾಗೇ ಇಟ್ಟಿರಿ, ಅಳಿಸಬೇಡಿ. ಮುಚ್ಚಳ ತೆಗೆದಾಗ ಇನ್ನೊಂದು ರ‍್ಯಾಮ್ ಸ್ಲಾಟ್ ಖಾಲಿ ಇದೆಯಾ ನೋಡಿ, ಮಾಡೆಲ್ ನಂಬರ್ ಸಮೇತ ಇಲ್ಲೇ ಬರೆಯಿರಿ, ಯಾವ ರ‍್ಯಾಮ್ ಅಂತ ಹೇಳುತ್ತೇನೆ.