ಬಲಿಪೂಜೆಯಲ್ಲಿ ಮಗಳಿಗೆ ಪ್ರಸಾದ ಕೊಡಲಿಲ್ಲ, ಏನು ಮಾಡೋದು?

ಲಿಸ್ಬನ್‌ನ ಕ್ಯಾಥೊಲಿಕ್ ಚರ್ಚಿನ ಬಲಿಪೂಜೆಯಲ್ಲಿ (ಮಾಸ್) ನಿಮ್ಮ ಮಗಳಿಗೆ ಪರಮಪ್ರಸಾದ, ಅಂದರೆ ಅಲ್ಲಿ ಹಂಚುವ ಪವಿತ್ರ ರೊಟ್ಟಿ, ಸಿಗದಿದ್ದದ್ದು ನೀವು ಕಾರವಾರದಿಂದ ಹೋದವರು ಅಂತಲ್ಲ. ಅದು ಸಾಮಾನ್ಯವಾಗಿ ಕ್ಯಾಥೊಲಿಕರಿಗೆ ಮಾತ್ರ. ಪ್ರಾಟೆಸ್ಟೆಂಟರಾದ ನಮಗೂ ಪರದೇಶದಲ್ಲಿ ಹೀಗೇ ಆಗಿತ್ತು. ಮಗುವಿನ ಮುಖ ನೋಡಿ ಸಂಕಟವಾಗುತ್ತದೆ, ಅಲ್ವಾ?

ಮುಂದಿನ ಭಾನುವಾರ ಪೂಜೆಗೆ ಮುಂಚೆಯೇ ಫಾದರ್ ಹತ್ತಿರ ವಿಷಯ ಹೇಳಿ. ಸಾಲಿನಲ್ಲಿ ಹೋಗಿ ಎರಡೂ ಕೈ ಎದೆಯ ಮೇಲೆ ಅಡ್ಡ ಇಟ್ಟರೆ ಎಷ್ಟೋ ಕಡೆ ಆಶೀರ್ವಾದ ಕೊಡುತ್ತಾರೆ. ಎಲ್ಲ ಕಡೆ ಆ ರೂಢಿ ಇಲ್ಲ, ಕೇಳಿಕೊಳ್ಳಿ. ಇಲ್ಲವೆಂದರೆ ಕೂತಲ್ಲೇ ಪ್ರಾರ್ಥಿಸಿ.

ಹಾಡು, ಪ್ರಾರ್ಥನೆಗೆ ಧಾರಾಳವಾಗಿ ದನಿ ಸೇರಿಸಿ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ಮಾತ್ರ ‘ಕೇಡಿನಿಂದ ತಪ್ಪಿಸು’ ಎಂಬಲ್ಲಿಗೆ ನಿಲ್ಲಿಸಿ. ನಾವು ಅದರ ಜೊತೆಗೇ ಹೇಳುವ ‘ರಾಜ್ಯವೂ ಬಲವೂ’ ಎಂಬ ಕೊನೆಯ ಸಾಲು ಅಲ್ಲಿ ಫಾದರ್ ಒಬ್ಬರೇ ಒಂದು ಪ್ರಾರ್ಥನೆ ಹೇಳಿದ ಮೇಲೆ ಬರುತ್ತದೆ. ಮಗಳಿಗೆ ಇದನ್ನು ಮನೆಯಲ್ಲೇ ಹೇಳಿಕೊಡಿ.